ಅರ ಹಾಕಿದ ಹಲ್ಲು

ಹಳಿಯಾಳ
೫ ನವೆಂಬರ್ ೨೦೨೩

ಪೂರ್ಣಿಮಾ,

ನಿನಗೂ ನಿನ್ನ ಹೊಟ್ಟೆಯಲ್ಲಿರುವ ಕೂಸಿಗೂ ಅಪ್ಪನ ಆಶೀರ್ವಾದ.

ಪಾಳಾದಿಂದ ಬಂದು ಏಳು ದಿನವಾಯಿತು. ಬಂದವನೇ ಬರೆಯಬೇಕಿತ್ತು, ಕೈ ಏಳಲಿಲ್ಲ. ನಿನ್ನ ಭಾವ ಶರಣಬಸವನ ಮುಖ ಕಣ್ಣ ಮುಂದಿನಿಂದ ಸರಿಯುತ್ತಿಲ್ಲ. ನಲವತ್ತೆರಡು ಸಾಯುವ ವಯಸ್ಸೇ? ಭತ್ತ ಕಾಯಲು ಸಂಜೆ ಕಂಬದ ಮೇಲೆ ಕಟ್ಟಿದ ಮಂಚಿಕೆ ಹತ್ತಿದವನು ಮಂಚಿಕೆಯ ಸಮೇತ ಕಲ್ಲಿನ ಬದುವಿನ ಮೇಲೆ ಬಿದ್ದ. ಆನೆ ಬಂದು ನೂಕಿತು ಎಂದು ಊರಿನವರೆಲ್ಲ ನನ್ನ ಕಿವಿಯ ಹತ್ತಿರ ಕೂಗಿ ಹೇಳಿದರು. ಮೂವತ್ತು ವರ್ಷ ಸಾ ಮಿಲ್ಲಿನ ಚಕ್ರದ ಪಕ್ಕ ನಿಂತು ಕೆಟ್ಟ ಕಿವಿ ಇದು. ಅರ್ಧ ಕೇಳಿಸಿತು, ಉಳಿದದ್ದನ್ನು ಅವರ ತುಟಿ ನೋಡಿ ತಿಳಿದುಕೊಂಡೆ. ಫೋನು ತಗೋ ಎಂದು ನೀನು ಎಷ್ಟು ಗೋಗರೆದರೂ ತಗೊಳ್ಳದೆ, ಈ ಕಾಲದಲ್ಲೂ ನಿನ್ನಿಂದ ಕಾಗದ ಬರೆಸುತ್ತಿರುವುದು ಈ ಕಿವಿಯ ದೆಸೆಯಿಂದಲೇ.

ಈಗ ಒಂದು ಕೆಲಸ ಹೇಳುತ್ತೇನೆ, ಯಾಕೆ ಎಂದು ಕೇಳಬೇಡ. ನಿನ್ನ ಮದುವೆಯಲ್ಲಿ ಅಳಿಯ ರುದ್ರೇಶನಿಗೆ ನಾನು ಕೊಟ್ಟ ಗರಗಸ ಎಲ್ಲಿದೆ ನೋಡು. ಅವನು ನನ್ನ ಕೈಕೆಳಗೆ ಕೆಲಸ ಕಲಿತವನು, ಅದರ ಬೆಲೆ ಬಲ್ಲವನು ಎಂದು ಕೊಟ್ಟದ್ದು. ಅದು ಪೇಟೆಯಲ್ಲಿ ಸಿಗುವ ತಗಡಿನ ತುಂಡಲ್ಲ. ಕುಳಗಿಯ ಅರಣ್ಯ ಕ್ಯಾಂಪಿನಲ್ಲಿದ್ದ ಬಿಳಿ ಸಾಹೇಬನೊಬ್ಬ ಊರಿಗೆ ಹೊರಡುವಾಗ ನನ್ನ ಅಜ್ಜನ ಕೈಯಲ್ಲಿಟ್ಟು ಹೋದ ವಿಲಾಯತಿ ಉಕ್ಕು. ಹಲ್ಲಿನ ಕಡೆ ದಪ್ಪ, ಬೆನ್ನಿನ ಕಡೆ ತೆಳು, ತುದಿಗೆ ಹೋದಂತೆ ಇನ್ನೂ ತೆಳು. ಅಲಗನ್ನು ಹಾಗೆ ಸವೆಸಿದವನು ಯಾರೋ, ಅವನ ಕೈಗೆ ನಾನು ತಲೆಬಾಗುತ್ತೇನೆ. ಅದಕ್ಕೇ ಅದು ಎಂಥ ಮರದಲ್ಲೂ ಸಿಕ್ಕಿಕೊಳ್ಳುವುದಿಲ್ಲ. ತುದಿ ಹಿಡಿದು ಹಿಡಿಕೆಯವರೆಗೆ ಬಾಗಿಸಿ ಬಿಟ್ಟರೂ ಮೊದಲಿನಂತೆ ನೆಟ್ಟಗಾಗುತ್ತದೆ. ಬೆರಳಿನಿಂದ ಮೀಟಿದರೆ ನಾದ ಬರುತ್ತದೆ. ನನಗೆ ಈಗ ಆ ನಾದ ಕೇಳಿಸುವುದಿಲ್ಲ, ಅಲಗನ್ನು ಹಲ್ಲಿಗೆ ಕಚ್ಚಿಕೊಂಡರೆ ಮಾತ್ರ ತಲೆಯೊಳಗೆ ಗುಂಯ್ ಎನ್ನುತ್ತದೆ.

ಹಿಡಿಕೆಯಲ್ಲಿ ಗೋಧಿ ತೆನೆ ಕೆತ್ತಿದೆಯಲ್ಲ, ಅದರ ಪಕ್ಕ ಐದು ಹಿತ್ತಾಳೆ ಸ್ಕ್ರೂ ಇವೆ. ಅಲ್ಲಿ ಉಕ್ಕು ಮರದೊಳಗೆ ಹೋಗುವ ಸಂದಿನಲ್ಲಿ ಕೊಯ್ದ ಮರದ ಹೊಟ್ಟು ಕೂತಿರುತ್ತದೆ. ಹೇರ್‌ಪಿನ್ನಿನಿಂದ ಕೆದಕಿ ಬಣ್ಣ ಯಾವುದು ಬರೆ. ರುದ್ರೇಶ ಮನೆಯಲ್ಲಿ ಇಲ್ಲದಾಗ ನೋಡು. ಕೇಳಿದರೆ, ಅಪ್ಪನಿಗೆ ಮತ್ತೆ ಗರಗಸಕ್ಕೆ ಅರ ಹಾಕಿ ಮಸೆಯುವ ಹುಚ್ಚು ಹತ್ತಿದೆ ಎನ್ನು.

ನಿನ್ನ ಅಪ್ಪ,
ಚನಬಸಪ್ಪ

—

ಪಾಳಾ
೧೪ ನವೆಂಬರ್ ೨೦೨೩

ಅಪ್ಪಾ,

ನಿನ್ನ ಪಾದಕ್ಕೆ ಶರಣು. ಈ ಸಲ ನಮ್ಮ ಮನೆಯಲ್ಲಿ ದೀಪಾವಳಿಯ ದೀಪ ಹಚ್ಚಲಿಲ್ಲ. ನೀಲಕ್ಕ ಗಂಡನ ಫೋಟೋದ ಎದುರು ಕೂತವಳು ಏಳುವುದೇ ಇಲ್ಲ. ನಾನು ತಟ್ಟೆ ಹಿಡಿದು ಹೋದರೆ ಎರಡು ತುತ್ತು ತಿನ್ನುತ್ತಾಳೆ. ವರ್ಷಗಟ್ಟಲೆ ಒಂದೇ ಒಲೆಯಲ್ಲಿ ಉಂಡವರು ನಾವು, ಅವಳನ್ನು ಹಾಗೆ ನೋಡಲು ನನಗಾಗುವುದಿಲ್ಲ.

ನಿನ್ನ ಗರಗಸ ನೋಡಿದೆ. ಅವ್ವ ಸತ್ತಾಗಲೂ ನೀನು ಅದರ ಬಗ್ಗೆ ಬರೆದಷ್ಟು ಉದ್ದ ಬರೆದಿರಲಿಕ್ಕಿಲ್ಲ. ಯಾವಾಗಲೂ ಗೋಡೆಯ ಮೊಳೆಗೆ ತೂಗುತ್ತಿದ್ದದ್ದು ಅಲ್ಲಿ ಇರಲಿಲ್ಲ. ಹುಡುಕಿದರೆ ಅಕ್ಕಿ ಡಬ್ಬದ ಹಿಂದೆ, ಹೊಸ ಟವೆಲಿನಲ್ಲಿ ಸುತ್ತಿ ಇಟ್ಟಿದ್ದರು. ಅಲಗಿಗೆ ಕೊಬ್ಬರಿ ಎಣ್ಣೆ ಒರೆಸಿ ಕನ್ನಡಿಯ ಹಾಗೆ ಮಾಡಿದ್ದಾರೆ. ಇವರಿಗೆ ಎಣ್ಣೆ ಒರೆಸು ಎಂದು ನೀನು ಎಷ್ಟು ಸಲ ಬೈದಿದ್ದೀಯ, ಒಮ್ಮೆಯಾದರೂ ಮಾಡಿದ್ದರೇ? ಸಂದಿನಲ್ಲಿ ಕೆದಕಿದೆ. ಕಂದು ಹೊಟ್ಟು, ನಡುವೆ ಕಪ್ಪು ಎಳೆ. ನಿನ್ನ ಮಗಳಾಗಿ ಅಷ್ಟು ಗೊತ್ತಿಲ್ಲದಿದ್ದರೆ ಹೇಗೆ? ಮತ್ತಿ ಮರದ್ದು.

ಇವರು ಮಾತು ಬಿಟ್ಟಿದ್ದಾರೆ. ಹೊಲದ ಕಡೆ ಹೋಗುವುದಿಲ್ಲ. ದಾಂಡೇಲಿಯ ಕಡೆಯ ಯಾರೋ ರೆಸಾರ್ಟ್ ಮಾಡಲು ಕಾಡಂಚಿನ ಹೊಲ ಕೇಳಿದ್ದರು, ಭಾವ ಒಪ್ಪಿರಲಿಲ್ಲ, ನಿನಗೆ ಗೊತ್ತಲ್ಲ. ಅವರು ಮೊನ್ನೆ ಮತ್ತೆ ಬಂದು ಹೋದರು. ಇವರು ಈಗ ಮನೆಯೊಳಗಿನ ಅಟ್ಟಕ್ಕೆ ಹೊಸ ಏಣಿ ಮಾಡುತ್ತಿದ್ದಾರೆ. ಬಸುರಿಗೆ ಹಳೆಯ ಏಣಿ ಬೇಡವಂತೆ.

ಅಪ್ಪಾ, ಏನನ್ನೋ ಸುತ್ತಿ ಬಳಸಿ ಕೇಳುತ್ತಿದ್ದೀಯ. ನೇರ ಕೇಳು.

ನಿನ್ನ ಮಗಳು,
ಪೂರ್ಣಿಮಾ

—

ಹಳಿಯಾಳ
೨೦ ನವೆಂಬರ್ ೨೦೨೩

ಪೂರ್ಣಿಮಾ,

ನೇರ ಕೇಳು ಎಂದೆ. ಕೇಳುವುದಲ್ಲ, ಹೇಳಿಯೇ ಬಿಡುತ್ತೇನೆ. ಕೂತುಕೊಂಡು ಓದು.

ಮೂರನೆಯ ದಿನದ ಕಾರ್ಯ ಮುಗಿದ ಮೇಲೆ ನಾನೊಬ್ಬನೇ ಹೊಲಕ್ಕೆ ಹೋಗಿದ್ದೆ. ಆನೆಯ ಹೆಜ್ಜೆ ಕಾಲುವೆಯ ಆಚೆಗೆ ಮಾತ್ರ ಇತ್ತು, ಈಚೆಗೆ ಒಂದೂ ಇರಲಿಲ್ಲ. ಮಂಚಿಕೆಯ ಕಂಬ ಮತ್ತಿಯದು. ಅದರ ಮುಕ್ಕಾಲು ಭಾಗ ಗರಗಸದಲ್ಲಿ ಕೊಯ್ದಿತ್ತು. ಕೊಯ್ದ ಗೆರೆಗೆ ಹೊರಗಿನಿಂದ ಕೆಸರು ಮೆತ್ತಿದ್ದರು. ಉಳಿದ ಕಾಲು ಭಾಗ ಮಾತ್ರ ಸಿಬಿರೆದ್ದು ಮುರಿದಿತ್ತು. ನಾಲ್ಕು ಮಂದಿ ಬಂದು ನೋಡಿದ್ದಾರೆ, ಯಾರಿಗೂ ಕಾಣಲಿಲ್ಲ. ಮರ ಗೊತ್ತಿಲ್ಲದವರಿಗೆ ಮುರಿದ ಕಂಬ ಎಂದರೆ ಮುರಿದ ಕಂಬ ಅಷ್ಟೇ.

ಯಾವ ಗರಗಸ ಎಂಬುದೂ ನನಗೆ ಗೊತ್ತು. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ, ನಿನ್ನ ಅವ್ವನಿಗೂ ಹೇಳಿರಲಿಲ್ಲ. ಮೂವತ್ತೊಂದು ವರ್ಷದ ಹಿಂದೆ ಹಳೆಯ ಸಾಗವಾನಿ ತೊಲೆಯೊಂದನ್ನು ಕೊಯ್ಯುವಾಗ ಒಳಗೆ ಮೊಳೆ ಇತ್ತು. ಹಿಡಿಕೆಯಿಂದ ತೊಂಬತ್ತೊಂದನೆಯ ಹಲ್ಲು ಎಡಕ್ಕೆ ಬಾಗಿತು. ಗರಗಸದ ಹಲ್ಲುಗಳನ್ನು ನಾವೇ ಒಂದು ಎಡಕ್ಕೆ ಒಂದು ಬಲಕ್ಕೆ ಕೂದಲೆಳೆಯಷ್ಟು ಬಾಗಿಸುತ್ತೇವೆ, ಆದರೆ ಇದು ಕೂದಲೆಳೆಗಿಂತ ಹೆಚ್ಚು ಬಾಗಿತ್ತು. ಮತ್ತೆ ಒಳಕ್ಕೆ ತರಲು ಹೋದರೆ ಹಳೆಯ ಉಕ್ಕು ಟಕ್ಕೆಂದು ಮುರಿಯುತ್ತದೆ. ಹಾಗೇ ಬಿಟ್ಟೆ. ಅಂದಿನಿಂದ ಅದು ಕೊಯ್ದ ಪ್ರತಿ ಮರದ ಎಡ ಮೈಯಲ್ಲಿ ಸೂಜಿಯಿಂದ ಗೀರಿದಂಥ ಗೆರೆಗಳು, ಒಂದೊಂದು ಎಳೆತಕ್ಕೆ ಒಂದೊಂದು. ಚನಬಸಪ್ಪ ಬಡಿಗೇರನ ಗರಗಸಕ್ಕೆ ಊನ ಎಂದು ಯಾರಾದರೂ ಅಂದಾರು ಎಂದು ಪ್ರತಿ ಸಲ ಮೊದಲು ಕೀಸುಳಿಯಿಂದ ಮರ ಹೆರೆದು ಆ ಗೆರೆ ಅಳಿಸುತ್ತಿದ್ದೆ. ಶರಣಬಸವನ ಕಂಬದ ಮೇಲೆ ಆ ಗೆರೆಗಳಿವೆ, ಪೂರ್ಣಿಮಾ. ಬೆರಳಾಡಿಸಿ ಎಣಿಸಿದೆ. ಅಲ್ಲಿಂದ ಒಂದು ಹೋಳು ಸೀಳಿ ಚೀಲದಲ್ಲಿ ಹಾಕಿಕೊಂಡು ಬಂದಿದ್ದೇನೆ.

ಇಷ್ಟೆಲ್ಲ ಬರೆಯಬೇಕಿರಲಿಲ್ಲ, ಬಾ ಎಂದಷ್ಟೇ ಬರೆದರೆ ಸಾಕಿತ್ತು. ಆದರೆ ನೀನು ಸಾಕ್ಷಿ ಕೇಳದೆ ಕಾಲು ಎತ್ತಿಡುವವಳಲ್ಲ. ಬಸುರಿಗೆ ಮಾಡುವ ಕುಬಸದ ಶಾಸ್ತ್ರ ಬೇಗ ಮುಗಿಸಿ ತವರಿಗೆ ಕರೆತರುತ್ತೇನೆ ಎಂದು ನಿನ್ನ ಗಂಡನಿಗೆ ಹೇಳು. ಆ ಹೊಸ ಏಣಿ ಹತ್ತಬೇಡ. ಈ ಕಾಗದವನ್ನು ಓದಿದ ಕೂಡಲೇ ಒಲೆಗೆ ಹಾಕು.

ಅಪ್ಪ

—

ಪಾಳಾ
೨ ಡಿಸೆಂಬರ್ ೨೦೨೩

ಅಪ್ಪಾ,

ಇದನ್ನು ಅಂಗನವಾಡಿಯಲ್ಲಿ ಕೂತು, ಮಕ್ಕಳಿಗೆ ಉಪ್ಪಿಟ್ಟು ಬಡಿಸಿದ ಮೇಲೆ ಬರೆಯುತ್ತಿದ್ದೇನೆ. ಟೀಚರ್ ಬಾನು ಅವರು ಮುಂಡಗೋಡಿನಲ್ಲಿ ಪೋಸ್ಟ್ ಮಾಡುತ್ತಾರೆ. ಇನ್ನು ಮುಂದೆ ಮನೆಗೆ ಬರೆಯಬೇಡ.

ನಿನ್ನ ಕಾಗದ ನನ್ನ ಕೈಗೆ ಬರುವಾಗ ಲಕೋಟೆಯ ಬಾಯಿಗೆ ಅನ್ನದ ಅಗುಳು ಮೆತ್ತಿತ್ತು. ನೀನು ಅನ್ನದಿಂದ ಅಂಟಿಸುವವನಲ್ಲ. ಇವರು ಮೊದಲೇ ಒಡೆದು ಓದಿ, ಮತ್ತೆ ಅಂಟಿಸಿ, ತಾವೇ ತಂದು ಕೊಟ್ಟರು. ಕೊಡುವಾಗ ನಕ್ಕರು.

ಮರುದಿನ ಭಾನುವಾರ. ಹುಣಸೆ ಮರದ ಕೆಳಗೆ ಎರಡು ಹಲಗೆಗಳ ನಡುವೆ ಗರಗಸ ಬಿಗಿದು, ಮೂರು ಮೂಲೆಯ ಅರ ಹಿಡಿದು ಕೂತರು. ಬೆಳಿಗ್ಗೆಯಿಂದ ಸಂಜೆಯವರೆಗೆ ಅದೇ ಸದ್ದು. ನಾನು ರೊಟ್ಟಿ ಬಡಿಯುತ್ತಿದ್ದೆ, ಮೂರು ರೊಟ್ಟಿ ಹರಿದವು. ಊಟಕ್ಕೆ ಕರೆದಾಗ ಅಲಗಿನ ಮೇಲಿನ ಪುಡಿಯನ್ನು ಊದುತ್ತ ಹೇಳಿದರು: “ಮಾವ ನನಗ ಹಲ್ಲ ನೋಡೂದು ಚಲೋ ಕಲಿಸ್ಯಾರ. ಒಂದ ಹಲ್ಲ ಮಾತ್ರ ತೋರಿಸಿರ್ಲಿಲ್ಲ.”

ನನ್ನ ಫೋನು ರಿಪೇರಿಗೆ ಎಂದು ತೆಗೆದುಕೊಂಡು ಹೋದವರು ತಂದಿಲ್ಲ. ಅಂಗನವಾಡಿಗೆ ಬಿಡುವುದೂ ಅವರೇ, ಕರೆದೊಯ್ಯುವುದೂ ಅವರೇ. ಕುಬಸದ ಮಾತೆತ್ತಿದೆ, ಹೆರಿಗೆ ಇಲ್ಲಿಯೇ ಆಗಲಿ ಎಂದರು. ದಿನಾ ಅಟ್ಟದ ಮೇಲಿನ ಹಿತ್ತಾಳೆ ಹಂಡೆ ತಾ ಎನ್ನುತ್ತಾರೆ. ಸೊಂಟ ನೋವು ಎಂದು ತಪ್ಪಿಸಿಕೊಳ್ಳುತ್ತಿದ್ದೇನೆ. ಬೈಯುವುದಿಲ್ಲ, ಹೊಡೆಯುವುದಿಲ್ಲ. ಸರಿ, ನಾಳೆ ತಾ ಎನ್ನುತ್ತಾರೆ.

ಐದು ವರ್ಷ ಈ ಮನುಷ್ಯನ ಪಕ್ಕ ಮಲಗಿದ್ದೇನೆ. ನನ್ನ ಕಾಲಿಗೆ ಮುಳ್ಳು ಚುಚ್ಚಿದರೆ ತಾನೇ ಕೂತು ತೆಗೆಯುತ್ತಿದ್ದ ಮನುಷ್ಯ ಅಪ್ಪಾ. ಅಂಜಿಕೆ ಆಗುತ್ತಿದೆ. ಬೇಗ ಬಾ.

ಪೂರ್ಣಿಮಾ

—

ಪಾಳಾ
೫ ಡಿಸೆಂಬರ್ ೨೦೨೩

ಪೂಜ್ಯ ಮಾವನವರಿಗೆ ರುದ್ರೇಶನ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ. ಪೂರ್ಣಿಮಾ ಸ್ವಲ್ಪ ಬಳಲಿದ್ದಾಳೆ, ಬರೆಯಲು ಆಗುತ್ತಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ತಮ್ಮ ಗರಗಸವನ್ನು ಹಳಿಯಾಳದ ಬಸ್ಸಿನ ಕಂಡಕ್ಟರರ ಕೈಯಲ್ಲಿ ಕಳಿಸಿದ್ದೇನೆ. ಹಲ್ಲುಗಳನ್ನೆಲ್ಲ ಒಂದೇ ಎತ್ತರಕ್ಕೆ ತಂದು, ಹೊಸದಾಗಿ ಕೊರೆದು, ಅರ ಹಾಕಿದ್ದೇನೆ. ತಾವು ಹೇಳಿಕೊಟ್ಟ ಹಾಗೆಯೇ. ತಪ್ಪಿದ್ದರೆ ತಿಳಿಸಬೇಕು. ಇನ್ನು ಅದು ತಮ್ಮಲ್ಲೇ ಇರಲಿ, ನನಗೆ ಅಂಥ ಹಳೆಯ ಸಾಮಾನು ಬೇಡ.

ಇನ್ನೊಂದು ಮಾತು. ತಾವು ನಮ್ಮ ಹೊಲದಿಂದ ಒಂದು ಕಟ್ಟಿಗೆ ತೆಗೆದುಕೊಂಡು ಹೋಗಿದ್ದೀರಂತೆ. ಸಾವಾದ ಜಾಗದ ಕಟ್ಟಿಗೆ ಅದು. ಬಸುರಿ ಹೆಣ್ಣುಮಗಳು ಬಂದು ಇರುವ ಮನೆಯಲ್ಲಿ ಅದನ್ನು ಇಟ್ಟುಕೊಳ್ಳಬಾರದು ಎಂದು ಹಿರಿಯರು ಹೇಳುತ್ತಾರೆ, ತಮಗೆ ನಾನು ಹೇಳಬೇಕಾಗಿಲ್ಲ. ತಾವು ಅದನ್ನು ತಂದರೆ ಇಬ್ಬರೂ ಕೂಡಿ ಬೆಂಕಿಗೆ ಹಾಕೋಣ. ಅದೇ ದಿನ ಪೂರ್ಣಿಮಾಳನ್ನು ತಮ್ಮ ಜೊತೆ ಕಳಿಸುತ್ತೇನೆ.

ತಡಮಾಡಬಾರದು. ಅವಳು ಒಂದು ಕಡೆ ಕೂಡುವವಳಲ್ಲ. ಹತ್ತುವುದು ಇಳಿಯುವುದು ಮಾಡುತ್ತಿರುತ್ತಾಳೆ.

ತಮ್ಮ ಅಳಿಯ,
ರುದ್ರೇಶ

—

ಹಳಿಯಾಳ
೯ ಡಿಸೆಂಬರ್ ೨೦೨೩

ಅಳಿಯಂದಿರಾದ ರುದ್ರೇಶ ಅವರಿಗೆ,

ಗರಗಸ ಮುಟ್ಟಿತು. ಕಿಟಕಿಯ ಬೆಳಕಿಗೆ ಹಿಡಿದು ಹಿಡಿಕೆಯಿಂದ ತುದಿಯವರೆಗೆ ನೋಡಿದೆ. ಹಲ್ಲುಗಳ ತುದಿ ದಾರ ಹಿಡಿದಂತೆ ಒಂದೇ ನೇರದಲ್ಲಿವೆ. ಒಂದು ಎಡ, ಒಂದು ಬಲ, ಎಲ್ಲೂ ಹೆಚ್ಚು ಕಡಿಮೆ ಇಲ್ಲ. ಹಲಗೆಯೊಂದನ್ನು ಕೊಯ್ದು ನೋಡಿದೆ, ಎರಡೂ ಮೈ ನುಣುಪು. ನಾನು ಕಲಿಸಿದವರಲ್ಲಿ ಇಷ್ಟು ಚೆನ್ನಾಗಿ ಅರ ಹಾಕಿದವರು ಯಾರೂ ಇಲ್ಲ. ಇದನ್ನು ಬರೆಯಲು ನನಗೆ ಮನಸ್ಸಿಲ್ಲ, ಆದರೂ ಕೆಲಸ ಕೆಲಸವೇ.

ಬರುವ ಗುರುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ನೀವು ಹೇಳಿದ ಕಟ್ಟಿಗೆ ನನ್ನ ಚೀಲದಲ್ಲಿರುತ್ತದೆ. ಪೂರ್ಣಿಮಾ ಸೀರೆ ಬಟ್ಟೆ ಕಟ್ಟಿಕೊಂಡು ತಯಾರಿರಲಿ. ಅವಳು ಬಸ್ಸಿನಲ್ಲಿ ಕೂತ ಮೇಲೆ ಕಟ್ಟಿಗೆ ನಿಮ್ಮ ಕೈಗೆ ಕೊಡುತ್ತೇನೆ. ಆ ಮೇಲೆ ಈ ವಿಷಯ ನನ್ನ ಬಾಯಿಂದ ಹೊರಡುವುದಿಲ್ಲ.

ಅಲ್ಲಿಯವರೆಗೆ ಅವಳು ಏಣಿ ಹತ್ತುವುದು ಬೇಡ. ಕೈ ಮುಗಿದು ಕೇಳುತ್ತಿದ್ದೇನೆ. ನಾನು ಯಾರಿಗೂ ಕೈ ಮುಗಿದವನಲ್ಲ ಎಂಬುದು ನಿಮಗೆ ಗೊತ್ತು.

ಚನಬಸಪ್ಪ

—

ಪಾಳಾ
೮ ಜನವರಿ ೨೦೨೪

ಚನಬಸಪ್ಪ ಕಾಕಾ ಅವರಿಗೆ ನೀಲವ್ವನ ಶರಣು.

ಪೂರ್ಣಿಮಾ ತವರಿಗೆ ಹೋಗಿ ಮೂರು ವಾರವಾಯಿತು. ಅವಳಿಲ್ಲದೆ ಮನೆ ಬಿಕೋ ಎನ್ನುತ್ತದೆ. ಆದರೂ ಅವಳು ನಿಮ್ಮ ಹತ್ತಿರ ಇದ್ದಾಳಲ್ಲ, ನನಗೆ ಸಮಾಧಾನ. ಹೋಗುವಾಗ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡು ಅತ್ತಳು, ಏನೋ ಹೇಳಲು ಹೋದಳು. ನೀವು ಅವಳ ಭುಜ ಹಿಡಿದು ಬಸ್ಸು ಹತ್ತಿಸಿದಿರಿ.

ಮೈದುನ ರುದ್ರೇಶ ಕಾಗದಪತ್ರ ತಂದು ಮುಂದಿಟ್ಟಿದ್ದ. ಹೊಲವನ್ನು ರೆಸಾರ್ಟಿನವರಿಗೆ ಬಿಟ್ಟುಕೊಡಲು ನನ್ನ ಸಹಿ ಬೇಕಂತೆ. ನನ್ನ ಗಂಡ ಪ್ರಾಣ ಬಿಟ್ಟ ಮಣ್ಣು ಅದು, ಮಾಡುವುದಿಲ್ಲ ಎಂದೆ. ಸಿಟ್ಟಾಗುತ್ತಾನೆ ಅಂದುಕೊಂಡಿದ್ದೆ, ಆಗಲಿಲ್ಲ. “ಆತು ಬಿಡ್ರಿ ವೈನಿ, ಹಂಗಾದ್ರ ಕಬ್ಬ ನೀವ ಕಾಯ್ರಿ” ಅಂದ. ಭತ್ತದ ಗದ್ದೆಯ ಪಕ್ಕದ ಕಬ್ಬಿಗೆ ಆನೆಗಳು ಮತ್ತೆ ಇಳಿದಿವೆ ಎಂದು ಹೊಸ ಮಂಚಿಕೆಯನ್ನೂ ಅವನೇ ಕಟ್ಟಿದ್ದಾನೆ. ಗಟ್ಟಿ ಕಂಬ, ಹೆಂಗಸರು ಹತ್ತಲಿ ಎಂದು ಅಗಲವಾದ ಮೆಟ್ಟಿಲು. ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಚರಗದ ನೈವೇದ್ಯ ಚೆಲ್ಲಿ, ಮರುದಿನ ಶುಕ್ರವಾರ ಸಂಜೆಯಿಂದ ನಾನು ಕಾವಲು ಕೂಡ್ರಬೇಕು.

ಕಾಕಾ, ಒಂದು ಮಾತು ಕೇಳಬೇಕೆಂದು ಬರೆಯುತ್ತಿದ್ದೇನೆ. ಮೂರನೆಯ ದಿನ ನೀವು ಆ ಮುರಿದ ಕಂಬದ ಮುಂದೆ ಮೊಣಕಾಲೂರಿ ಕೂತು ಬೆರಳಾಡಿಸಿದ್ದನ್ನು ನಾನು ದೂರದಿಂದ ನೋಡಿದ್ದೆ. ಬಹಳ ಹೊತ್ತು ಕೂತಿದ್ದಿರಿ. ಆ ಮೇಲೆ ಹೋಳು ಸೀಳಿಕೊಂಡಿರಿ. ಗುರುವಾರ ಪೂರ್ಣಿಮಾ ಬಸ್ಸು ಹತ್ತಿದ ಮೇಲೆ, ಬಸ್ಸು ಹೊರಡುವ ಮೊದಲು, ಅದನ್ನೇ ರುದ್ರೇಶನೂ ನೀವೂ ಕೂಡಿ ಸುಟ್ಟಿರಿ. ನಾನು ಓದಿದವಳಲ್ಲ, ನಾಲ್ಕನೆಯ ಇಯತ್ತೆ ಅಷ್ಟೇ. ಆದರೆ ಕಣ್ಣಿವೆ. ಏನು ಕಂಡಿರಿ ನೀವು? ನೀವು ಏನೂ ಇಲ್ಲ ಎಂದು ಒಂದು ಸಾಲು ಬರೆದರೆ ಸಾಕು, ನಾನು ನಂಬುತ್ತೇನೆ. ನಂಬಿ ಧೈರ್ಯವಾಗಿ ಮೇಲೆ ಹತ್ತುತ್ತೇನೆ.

ನಿಮ್ಮ ಮಗಳ ಸಮಾನ,
ನೀಲವ್ವ

—

ಹಳಿಯಾಳ ಬಸ್ ಸ್ಟ್ಯಾಂಡ್
೧೨ ಜನವರಿ ೨೦೨೪, ಶುಕ್ರವಾರ, ಮಧ್ಯಾಹ್ನ

ನೀಲವ್ವಾ,

ನಿನ್ನ ಕಾಗದ ಇವತ್ತು ಊಟದ ಹೊತ್ತಿಗೆ ಬಂತು. ಓದಿ ಮುಗಿಸುವ ಮೊದಲೇ ಪೂರ್ಣಿಮಾ ನನ್ನ ಕೈಯಿಂದ ಕಸಿದುಕೊಂಡಳು. ಈ ಕಾಗದ ಅಂಚೆಗೆ ಹಾಕುವುದಿಲ್ಲ, ನಾನೇ ತರುತ್ತಿದ್ದೇನೆ. ನಿನ್ನೆದುರು ನಿಂತರೆ ನನ್ನ ಬಾಯಿ ಮತ್ತೆ ಸುಳ್ಳು ಹೇಳೀತು ಎಂಬ ಹೆದರಿಕೆಗೆ ಬರೆದುಕೊಂಡು ಬರುತ್ತಿದ್ದೇನೆ.

ನಿನ್ನ ಗಂಡನನ್ನು ಆನೆ ಕೊಂದಿಲ್ಲ. ಕಂಬವನ್ನು ಮೊದಲೇ ಮುಕ್ಕಾಲು ಕೊಯ್ದಿದ್ದರು. ಕೊಯ್ದವನು ನನ್ನ ಅಳಿಯ, ಕೊಯ್ದದ್ದು ನನ್ನ ಗರಗಸ. ಅದರ ಒಂದು ಹಲ್ಲು ಮರದ ಮೇಲೆ ಗೆರೆ ಬಿಡುತ್ತಿತ್ತು, ಆ ಗೆರೆ ನಾನು ಕಂಡೆ. ಕಂಡವನು ಸುಮ್ಮನೆ ಬಾಯಿ ಮುಚ್ಚಿಕೊಂಡು ಠಾಣೆಗೆ ಹೋಗಬೇಕಿತ್ತು. ನಾನು ಹೋಗಲಿಲ್ಲ. ಎಷ್ಟನೆಯ ಹಲ್ಲು, ಯಾವ ಕಡೆ ಬಾಗಿದೆ, ಯಾಕೆ ಬಾಗಿದೆ ಎಂದು ಮಗಳಿಗೆ ಉದ್ದಕ್ಕೆ ಬರೆದೆ. ಮೂವತ್ತೊಂದು ವರ್ಷ ಮುಚ್ಚಿಟ್ಟ ಊನವನ್ನು ಯಾರಿಗಾದರೂ ಹೇಳಿಕೊಳ್ಳಬೇಕೆಂಬ ಚಪಲ ಇತ್ತೇನೋ. ಅವನು ಓದಿದ. ಹಲ್ಲುಗಳನ್ನೆಲ್ಲ ಅರದಿಂದ ತಿಕ್ಕಿ ಸರಿಮಾಡಿದ. ಉಳಿದದ್ದು ನನ್ನ ಬಳಿಯಿದ್ದ ಕಟ್ಟಿಗೆ ಒಂದೇ. ಅದನ್ನು ಅವನಿಗೆ ಕೊಟ್ಟು ನನ್ನ ಮಗಳನ್ನು ಬಿಡಿಸಿಕೊಂಡು ಬಂದೆ. ಬಸ್ಸಿನಲ್ಲಿ ಅವಳು ನಿನಗೆ ಹೇಳಿಬಿಡುತ್ತೇನೆ ಎಂದಾಗ, ಹೆರಿಗೆ ಆಗಲಿ ತಡಿ ಎಂದು ಆಣೆ ಹಾಕಿಸಿಕೊಂಡವನೂ ನಾನೇ. ನನಗೆ ಒಬ್ಬಳೇ ಮಗಳು ಎಂದು ಆವತ್ತು ನನಗೆ ನಾನೇ ಹೇಳಿಕೊಂಡೆ. ನೀನೂ ಒಬ್ಬರ ಮಗಳು ಎಂಬುದು ನೆನಪಾಗಲಿಲ್ಲ.

ಪಕ್ಕದ ಮನೆಯ ರೀನಾಳ ಫೋನಿನಿಂದ ಪೂರ್ಣಿಮಾ ನಿನ್ನ ನಂಬರಿಗೆ ಮೂರು ಸಲ ಹಚ್ಚಿದಳು. ಎರಡು ಸಲ ಯಾರೂ ಎತ್ತಲಿಲ್ಲ. ಮೂರನೆಯ ಸಲ ಎತ್ತಿದವನು ರುದ್ರೇಶ. ನನಗೆ ಕೇಳಿಸಲಿಲ್ಲ, ಪೂರ್ಣಿಮಾಳ ಮುಖ ನೋಡುತ್ತಿದ್ದೆ. ಆಮೇಲೆ ಅವನು ಅಂದದ್ದನ್ನು ಅವಳು ನನ್ನ ಅಂಗೈ ಮೇಲೆ ಬೆರಳಿನಿಂದ ಬರೆದು ತೋರಿಸಿದಳು. “ವೈನಿ ಫೋನ ಮನ್ಯಾಗ ಬಿಟ್ಟ ಹೊಲಕ್ಕ ಹೋಗ್ಯಾಳ. ಐದಕ್ಕ ಮ್ಯಾಲ ಹತ್ತತಾಳ.”

ಮುಂಡಗೋಡ ಠಾಣೆಗೂ ಪೂರ್ಣಿಮಾಳಿಂದ ಹೇಳಿಸಿದ್ದೇನೆ. ಒಬ್ಬರನ್ನು ಕಳಿಸುತ್ತೇವೆ ಎಂದಿದ್ದಾರಂತೆ. ಹೊಲ ಯಾವುದು, ಯಾವ ಬದುವಿನಿಂದ ಇಳಿಯಬೇಕು ಎಂದು ತಿಳಿಸಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಸಾಕ್ಷಿ ಏನಿದೆ ಎಂದು ಕೇಳಿದರಂತೆ. ಸುಟ್ಟೆ ಎಂದು ಹೇಳು ಎಂದೆ. ಸುಟ್ಟವನು ಬರುತ್ತಿದ್ದಾನೆ, ಬರೆದುಕೊಡುತ್ತಾನೆ ಎಂದು ಹೇಳು ಎಂದೆ.

ಈಗ ಎರಡೂ ಮುಕ್ಕಾಲು. ಬಸ್ಸು ಮೂರಕ್ಕೆ. ಮುಂಡಗೋಡ ಮುಟ್ಟಿ, ಅಲ್ಲಿಂದ ಆಟೋ ಹಿಡಿದು ಪಾಳಾಕ್ಕೆ ಬಂದು, ಹೊಲದವರೆಗೆ ನಡೆಯುವಷ್ಟರಲ್ಲಿ ಐದೂವರೆ ದಾಟುತ್ತದೆ. ಎಷ್ಟು ಸಲ ಲೆಕ್ಕ ಹಾಕಿದರೂ ಐದೂವರೆಯೇ ಬರುತ್ತದೆ.

ನಾನು ಬಂದಾಗ ನೀನು ನೆಲದ ಮೇಲೆ ನಿಂತಿದ್ದರೆ ಈ ಕಾಗದ ನಿನ್ನ ಕೈಗೆ ಕೊಡುತ್ತೇನೆ, ನೀನು ಉಗುಳಿದರೆ ಒರೆಸಿಕೊಳ್ಳುತ್ತೇನೆ. ಇಲ್ಲದಿದ್ದರೆ ಇದನ್ನೇ ಪೊಲೀಸರ ಕೈಗೆ ಕೊಡುತ್ತೇನೆ. ಆಗ ಇದರಲ್ಲಿ ಎರಡು ಸಾವಿನ ಹೆಸರಿರುತ್ತದೆ, ಎರಡನೆಯದು ನನ್ನ ಲೆಕ್ಕಕ್ಕೆ.

ಚನಬಸಪ್ಪ ಬಡಿಗೇರ